ಪೈಲಿಂಗ್ ಸದ್ದು ನೀರಿನೊಳಗೆ ಎಷ್ಟು? ಕಾರವಾರದಿಂದ ಒಂದಿಷ್ಟು ಲೆಕ್ಕ

ನಮ್ಮ ಕರಾವಳಿಯಲ್ಲಿ ಬಂದರು, ಜೆಟ್ಟಿ, ಸೇತುವೆ ಅಂದರೆ ಜಗಳ ಇದ್ದದ್ದೇ. ಅಂಕೋಲೆಯ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಮೀನುಗಾರರು ಬೀದಿಗೆ ಬಂದದ್ದು ಎಲ್ಲರಿಗೂ ಗೊತ್ತು. ಆ ಜಗಳದಲ್ಲಿ ಹೂಳು ಬರುತ್ತದೆ, ಕಡಲ್ಕೊರೆತ ಬರುತ್ತದೆ, ಆಮೆ ಬರುತ್ತದೆ, ಪರಿಹಾರದ ದುಡ್ಡು ಬರುತ್ತದೆ. ನೀರೊಳಗಿನ ಸದ್ದು ಮಾತ್ರ ಬರುವುದೇ ಇಲ್ಲ. ಬಂದರೂ ಎರಡು ಸಾಲಿನಲ್ಲಿ ಮುಗಿಯುತ್ತದೆ. ಮೀನುಗಾರ ಹೇಳುತ್ತಾನೆ, ಪೈಲಿಂಗ್, ಅಂದರೆ ನೀರಿನ ತಳಕ್ಕೆ ಅಡಿಪಾಯದ ಕಂಬ (ಪೈಲು) ಇಳಿಸುವ ಕೆಲಸ, ಶುರುವಾದರೆ ಮೀನು ಓಡಿಹೋಗುತ್ತದೆ. ಇಂಜಿನಿಯರ್ ಹೇಳುತ್ತಾನೆ, ಅದೆಲ್ಲ ಸುಮ್ನೆ, ದಡದಲ್ಲಿ ನಿಂತರೆ ಸರಿಯಾಗಿ ಕೇಳಿಸುವುದೂ ಇಲ್ಲ.

ನನ್ನ ಕೆಲಸ ಸಮುದ್ರದ ಸರ್ವೆ. ನೀರಿನ ಆಳ, ಹರಿವು, ತಳದ ಮಣ್ಣು, ಕೆಲವೊಮ್ಮೆ ಸದ್ದು. ಹಾಗಾಗಿ ಈ ಎರಡೂ ಮಾತು ಕೇಳಿ ಕೇಳಿ ಸಾಕಾಗಿದೆ. ಕಾರವಾರ ಬಂದರಿನ ಪಕ್ಕದ ಬೈತಖೋಲದ ಕಡೆಯ ಒಬ್ಬ ಹಿರಿಯ ತಾಂಡೇಲರು (ದೋಣಿಯ ಮುಖ್ಯಸ್ಥರು) ಒಮ್ಮೆ ನನಗೆ ಹೇಳಿದ್ದು, "ತಮ್ಮಾ, ಕಬ್ಬಿಣ ಹೊಡೆಯೋ ದಿನ ರಂಪಣಿ ಎಳೆಯೋದೇ ದಂಡ." ರಂಪಣಿ ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಅವರ ಮಾತಿನಲ್ಲಿ ಸತ್ಯ ಎಷ್ಟು ಅಂತ ಅಳೆಯಬಹುದು. ಕಷ್ಟ ಇದೆ, ಆದರೆ ಆಗದ ಕೆಲಸ ಏನಲ್ಲ.

ಇಂಜಿನಿಯರ್ ಮಾತಿನಿಂದಲೇ ಶುರು ಮಾಡೋಣ. ದಡದಲ್ಲಿ ಕೇಳಿಸುವುದಕ್ಕೂ ನೀರೊಳಗೆ ಇರುವುದಕ್ಕೂ ಸಂಬಂಧ ತೀರಾ ಕಡಿಮೆ. ನೀರಿನ ಮೇಲ್ಮೈ ಸದ್ದಿನ ಪಾಲಿಗೆ ಹೆಚ್ಚುಕಮ್ಮಿ ಕನ್ನಡಿ. ಒಳಗಿನ ಸದ್ದು ಅಲ್ಲಿಗೆ ಬಡಿದು ಒಳಕ್ಕೇ ವಾಪಸ್ ಹೋಗುತ್ತದೆ, ಹೊರಗೆ ಬರುವುದು ಅತ್ಯಲ್ಪ. ಒಳಗೆ ಅದು ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ, ಮತ್ತು ಅಷ್ಟು ಬೇಗ ಸೋಲುವುದೂ ಇಲ್ಲ.

ಇನ್ನು ಡೆಸಿಬೆಲ್ ಗೊಂದಲ. ನೀರೊಳಗೆ 200 ಡೆಸಿಬೆಲ್ ಅಂತ ಓದಿದ ತಕ್ಷಣ ಜನ ವಿಮಾನದ ಇಂಜಿನ್ ಜೊತೆ ಹೋಲಿಸುತ್ತಾರೆ. ಅದು ತಪ್ಪು. ಗಾಳಿಯಲ್ಲಿ ಡೆಸಿಬೆಲ್ ಎಣಿಸುವುದು 20 ಮೈಕ್ರೊಪ್ಯಾಸ್ಕಲ್‌ನಿಂದ, ನೀರಲ್ಲಿ 1 ಮೈಕ್ರೊಪ್ಯಾಸ್ಕಲ್‌ನಿಂದ. ಇದರಿಂದಲೇ 26 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ನೀರು ಗಾಳಿಗಿಂತ ಗಟ್ಟಿ ಆದ್ದರಿಂದ ಇನ್ನೊಂದು 36 ಸೇರುತ್ತದೆ. ಒಟ್ಟು ಸುಮಾರು 62. ಹಾಗಂತ 62 ಕಳೆದುಬಿಟ್ಟು "ಅಷ್ಟೇನಾ" ಅನ್ನುವ ಜಾಣತನವೂ ಬೇಡ, ಯಾಕೆಂದರೆ ಮೀನಿನ ಕಿವಿ ನಮ್ಮ ಕಿವಿ ಅಲ್ಲ. ಒತ್ತಡದಲ್ಲೇ ಯೋಚಿಸುವುದು ವಾಸಿ. ನೀರೊಳಗೆ 200 ಡೆಸಿಬೆಲ್ ಪೀಕ್ ಅಂದರೆ 10 ಕಿಲೊಪ್ಯಾಸ್ಕಲ್. 220 ಅಂದರೆ 100 ಕಿಲೊಪ್ಯಾಸ್ಕಲ್, ಅಂದರೆ ಒಂದು ವಾತಾವರಣದಷ್ಟು ಒತ್ತಡ ಕಣ್ಣು ಮಿಟುಕಿಸುವುದರೊಳಗೆ ಏರಿ ಇಳಿದಂತೆ. ದೊಡ್ಡ ಉಕ್ಕಿನ ಕೊಳವೆಗೆ ಹ್ಯಾಮರ್ ಹೊಡೆದರೆ ಹತ್ತಿರದಲ್ಲಿ 200 ದಾಟುವುದು ಮಾಮೂಲು.

ಮೀನಿಗೆ ಅದು ಯಾಕೆ ಕೆಟ್ಟದ್ದು? ಬಹಳಷ್ಟು ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ. ಹೊರಗಿನ ಒತ್ತಡ ಸರ್ರನೆ ಏರಿ ಇಳಿದರೆ ಆ ಚೀಲ ಕುಗ್ಗಿ ಹಿಗ್ಗಿ ಪಕ್ಕದ ಅಂಗಾಂಗಗಳಿಗೆ ಬಡಿಯುತ್ತದೆ, ಒಳಗೆ ರಕ್ತಸ್ರಾವ ಆಗುತ್ತದೆ. 2000ನೇ ಇಸವಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ–ಓಕ್ಲೆಂಡ್ ಸೇತುವೆಗೆ ಪ್ರಯೋಗಕ್ಕೆ ಅಂತ ದೊಡ್ಡ ಪೈಲುಗಳನ್ನು ಹೊಡೆದಾಗ ಸತ್ತ ಮೀನು ಸಿಕ್ಕಿತ್ತು. ಆಮೇಲೆ ಮುಖ್ಯ ಕೆಲಸದಲ್ಲಿ ಸದ್ದು ತಡೆಯಲು ಗಾಳಿಗುಳ್ಳೆಯ ಪರದೆ ಬಂತು. ನಮ್ಮ ತಾರ್ಲೆ, ದಕ್ಷಿಣದವರ ಬೂತಾಯಿ, ಆ ಜಾತಿಯ ಮೀನುಗಳಲ್ಲಿ ಗಾಳಿಚೀಲಕ್ಕೂ ಒಳಗಿವಿಗೂ ನೇರ ಜೋಡಣೆ ಇದೆ. ಅವಕ್ಕೆ ಸದ್ದು ಚೆನ್ನಾಗಿಯೇ ಕೇಳುತ್ತದೆ. ಶಾರ್ಕ್, ತೊರಕೆಗೆ ಗಾಳಿಚೀಲ ಇಲ್ಲ. ಅವು ಒತ್ತಡಕ್ಕಿಂತ ನೀರಿನ ಕಣಗಳ ಅಲುಗಾಟವನ್ನು ಗ್ರಹಿಸುತ್ತವೆ. ತಳದಲ್ಲಿ ಹೂತಿರುವ ಚಿಪ್ಪಿನ ಜೀವಿಗಳಿಗೆ ಮಣ್ಣಿನ ನಡುಕವೇ ಮುಖ್ಯ. ಅಘನಾಶಿನಿಯ ಬೆಳಚು ಆರಿಸುವವರಿಗೆ ಇದು ಸಣ್ಣ ವಿಷಯ ಅಲ್ಲ, ಆ ಅಳಿವೆ 2024ರಿಂದ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಕೂಡ.

ಡಾಲ್ಫಿನ್ ವಿಷಯ ಬೇರೆ. ಕಾಳಿ ನದಿ ಕಡಲು ಸೇರುವ ಮುಖದ ಹತ್ತಿರ, ಕುರುಮಗಡ, ದೇವಗಡ ದ್ವೀಪಗಳ ಸುತ್ತ ಕಾಣುವ ಬೆನ್ನುಬ್ಬಿನ ಡಾಲ್ಫಿನ್‌ಗಳು ದಡ ಬಿಟ್ಟು ದೂರ ಹೋಗುವ ಜಾತಿಯೇ ಅಲ್ಲ. ಜಾಗತಿಕ ಪಟ್ಟಿಯಲ್ಲಿ ಅವು ಅಪಾಯದಲ್ಲಿರುವ ಜಾತಿ, ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಮೊದಲ ಅನುಸೂಚಿ. ಡೆನ್ಮಾರ್ಕ್ ಕಡೆಯ ಉತ್ತರ ಸಮುದ್ರದಲ್ಲಿ ಗಾಳಿಯಂತ್ರದ ಪೈಲಿಂಗ್ ನಡೆದಾಗ ಪೋರ್ಪಸ್‌ಗಳು (ಡಾಲ್ಫಿನ್‌ನ ಸಣ್ಣ ಸಂಬಂಧಿಗಳು) ಹೆಚ್ಚುಕಮ್ಮಿ 20 ಕಿಲೋಮೀಟರ್ ದೂರದವರೆಗೆ ಜಾಗ ಖಾಲಿ ಮಾಡಿದ್ದು ದಾಖಲಾಗಿದೆ. ಅಲ್ಲಿ ಬೇರೆ ಜಾತಿ, ಬೇರೆ ಆಳ, ಭಾರೀ ಪೈಲು. ಅದನ್ನು ಹಾಗೇ ತಂದು ಕಾರವಾರಕ್ಕೆ ಅಂಟಿಸುವಂತಿಲ್ಲ. ಆದರೆ ದಡದ ಡಾಲ್ಫಿನ್‌ಗೆ ಓಡಿಹೋಗಲು ಇರುವ ಜಾಗ ತೆಳ್ಳಗಿನ ಪಟ್ಟಿ ಮಾತ್ರ ಅನ್ನುವುದನ್ನು ಮರೆಯುವಂತೆಯೂ ಇಲ್ಲ.

ಈಗ ಅಳತೆ. ನನಗೆ ಇಷ್ಟದ ಭಾಗ, ಸ್ವಲ್ಪ ಉದ್ದ ಆಗುತ್ತದೆ.

ಒಂದೇ ಸಂಖ್ಯೆ ಸಾಲುವುದಿಲ್ಲ. ಕನಿಷ್ಠ ಮೂರು ಬೇಕು. ಒಂದು, ಪೀಕ್: ಒಂದು ಪೆಟ್ಟಿನಲ್ಲಿ ಒತ್ತಡ ಗರಿಷ್ಠ ಎಲ್ಲಿಗೆ ಹೋಯಿತು. ಎರಡು, ಒಂದು ಪೆಟ್ಟಿನ ಒಟ್ಟು ಶಕ್ತಿ, ಇದನ್ನು ಎಸ್‌ಇಎಲ್ ಅನ್ನುತ್ತಾರೆ. ಮೂರು, ಇಡೀ ದಿನದ ಪೆಟ್ಟುಗಳನ್ನು ಕೂಡಿಸಿದ ಎಸ್‌ಇಎಲ್. ಕೂಡಿಸುವ ಲೆಕ್ಕ ಸುಲಭ. ಪೆಟ್ಟು ಹತ್ತು ಪಟ್ಟಾದರೆ 10 ಡೆಸಿಬೆಲ್ ಸೇರಿಸಿ, ಸಾವಿರ ಪೆಟ್ಟಿಗೆ 30. ಅಂದರೆ ಒಂದು ಪೆಟ್ಟಿಗೆ 170 ಇರುವ ಜಾಗದಲ್ಲಿ ಸಾವಿರ ಪೆಟ್ಟು ತಿಂದ ಮೀನಿನ ಖಾತೆಗೆ 200 ಬೀಳುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2008ರಲ್ಲಿ ಒಪ್ಪಿಕೊಂಡ ಮಿತಿ ಮೀನಿಗೆ ಪೀಕ್ 206, ಒಟ್ಟು 187, ಎರಡು ಗ್ರಾಂಗಿಂತ ಸಣ್ಣ ಮರಿಗಳಿಗೆ 183. ಜರ್ಮನಿಯವರು ಇನ್ನೊಂದು ದಾರಿ ಹಿಡಿದರು: ಪೈಲಿನಿಂದ 750 ಮೀಟರ್ ದೂರದಲ್ಲಿ ಒಂದು ಪೆಟ್ಟಿನ ಎಸ್‌ಇಎಲ್ 160 ಮೀರಬಾರದು, ಪೀಕ್ 190 ಮೀರಬಾರದು. ದೂರ ಇಷ್ಟು, ಸಂಖ್ಯೆ ಇಷ್ಟು, ಮುಗೀತು. ಪರಿಶೀಲನೆ ಮಾಡುವವನಿಗೆ ಇದಕ್ಕಿಂತ ಅನುಕೂಲದ ನಿಯಮ ಇಲ್ಲ. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮ ಇದೆ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಅಂತ. ಅದು ಗಾಳಿಯ ಸದ್ದಿಗೆ, ಮನುಷ್ಯನ ಕಿವಿಗೆ.

ಅಳೆಯುವ ಕ್ರಮಕ್ಕೂ ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 18406, 2017ರದ್ದು. ಹೈಡ್ರೊಫೋನ್, ಅಂದರೆ ನೀರೊಳಗಿನ ಮೈಕ್, ನೀರಿನ ಕೆಳ ಅರ್ಧದಲ್ಲಿ ಇರಬೇಕು. ಮೇಲ್ಮೈ ಹತ್ತಿರ ಇಟ್ಟರೆ ಒತ್ತಡ ಸುಳ್ಳೇ ಕಡಿಮೆ ಕಾಣುತ್ತದೆ, ಮೇಲಿನಿಂದ ಪ್ರತಿಫಲಿಸಿದ ಅಲೆ ತಲೆಕೆಳಗಾಗಿ ಬಂದು ಮೊದಲಿನದ್ದನ್ನು ತಿನ್ನುತ್ತದೆ. ವರದಿಯಲ್ಲಿ ಹೈಡ್ರೊಫೋನ್ ಆಳ ಬರೆದಿಲ್ಲ ಅಂದರೆ ನಾನು ಆ ವರದಿ ಅಲ್ಲೇ ಮುಚ್ಚುತ್ತೇನೆ.

ಕಾಗದದಲ್ಲಿ ಇಷ್ಟು. ಕಾಳಿ ಮುಖದಲ್ಲಿ ದೋಣಿ ನಿಲ್ಲಿಸಿ ಕೂತರೆ ಬೇರೆ ಕತೆ. ಹುಣ್ಣಿಮೆ ಅಮಾವಾಸ್ಯೆಯ ಭರತ-ಇಳಿತದಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ, ಆ ನೀರೆಲ್ಲ ಸೇತುವೆಯ ಕಂಬಗಳ ನಡುವಿಂದ ನುಗ್ಗಬೇಕು. ಹರಿವು ಜೋರಿದ್ದಾಗ ಹೈಡ್ರೊಫೋನಿನ ಹಗ್ಗವೇ ತಂತಿಯಂತೆ ಮಿಡಿಯುತ್ತದೆ. ರೆಕಾರ್ಡಿಂಗ್ ತುಂಬ ಗುಂಯ್ ಗುಂಯ್. ನೀರು ಹೈಡ್ರೊಫೋನಿನ ಮೈಗೆ ಉಜ್ಜಿದ್ದೂ ಸದ್ದಾಗಿಯೇ ದಾಖಲಾಗುತ್ತದೆ. ಅದಕ್ಕೇ ನೀರು ನಿಂತ ಹೊತ್ತು ನೋಡಿಕೊಳ್ಳಬೇಕು, ಇಲ್ಲದಿದ್ದರೆ ತಳದಲ್ಲಿ ಭಾರ ಇಟ್ಟು, ನಡುವೆ ಸಣ್ಣ ತೇಲು ಕಟ್ಟಿ, ದೋಣಿಯ ಕುಣಿತ ಕೆಳಗೆ ಹೋಗದ ಹಾಗೆ ಮಾಡಬೇಕು. ಇಂಜಿನ್ ಬಂದ್. ಮೀನು ಹುಡುಕುವ ಫಿಶ್‌ಫೈಂಡರ್ ಬಂದ್. ದೋಣಿಯಲ್ಲಿ ಯಾರೂ ಬಕೆಟ್ ಕುಕ್ಕಬಾರದು, ಇದನ್ನು ಹೇಳಿ ಹೇಳಿ ನನಗೆ ಒಳ್ಳೇ ಹೆಸರೇನೂ ಬಂದಿಲ್ಲ.

ಶುರುವಿಗೆ ಮುಂಚೆ ಮತ್ತು ಮುಗಿದ ಮೇಲೆ ಕ್ಯಾಲಿಬ್ರೇಷನ್ ಆಗಲೇಬೇಕು. ಗೊತ್ತಿರುವ ಒತ್ತಡ ಕೊಡುವ ಪಿಸ್ಟನ್‌ಫೋನಿಗೆ ಹೈಡ್ರೊಫೋನ್ ಸಿಕ್ಕಿಸಿ ಓದು ನೋಡುವುದು, ಅಷ್ಟೇ. ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಜಾಸ್ತಿ ಇಟ್ಟರೆ ಪೆಟ್ಟಿನ ತುದಿ ಕತ್ತರಿಸಿ ಹೋಗುತ್ತದೆ, ಪರದೆಯಲ್ಲಿ ಅಲೆಯ ತಲೆ ಚಪ್ಪಟೆ ಕಾಣುತ್ತದೆ. ಅಂಥ ರೆಕಾರ್ಡಿಂಗ್‌ನಿಂದ ಪೀಕ್ ಹೇಳುವುದು ಸುಳ್ಳು ಹೇಳಿದ ಹಾಗೆ, ಯಾಕೆಂದರೆ ಅದು ಯಾವಾಗಲೂ ಗುತ್ತಿಗೆದಾರನ ಕಡೆಗೇ ವಾಲುವ ಸುಳ್ಳು.

ನಮ್ಮ ನೀರು ಮೊದಲೇ ನಿಶ್ಶಬ್ದವಾಗಿಲ್ಲ ಅನ್ನುವುದನ್ನೂ ಹೇಳಬೇಕು. ಕಲ್ಲು ಇರುವ ಕಡೆಯೆಲ್ಲ ಚಿಟಿಕೆ ಸೀಗಡಿಗಳ ಚಟಪಟ, ಹಗಲೂ ರಾತ್ರಿ, ಕಿಲೋಹರ್ಟ್ಸ್ ಮಟ್ಟದಲ್ಲಿ. ಸಂಜೆಗೆ ಕೆಲವು ಮೀನುಗಳ ಹಿಂಡು ಒಟ್ಟಿಗೆ ಕೂಗುತ್ತದೆ. ಪಕ್ಕದ ಗೋವಾದ ಗ್ರಾಂಡೆ ದ್ವೀಪದ ಹತ್ತಿರ ಅಲ್ಲಿನ ಸಮುದ್ರ ವಿಜ್ಞಾನ ಸಂಸ್ಥೆಯವರು ಇಂಥ ಮೀನಿನ ಮೇಳ ದಾಖಲಿಸಿದ್ದಾರೆ. ಬೆಳಗಿನ ಜಾವ ಬೈತಖೋಲದಿಂದ ಪರ್ಸೀನ್ ಬೋಟುಗಳು ಸಾಲಾಗಿ ಹೊರಟರೆ ಬೇರೇನೂ ಕೇಳಿಸದು. ಪೈಲಿಂಗ್ ಪೆಟ್ಟಿನ ಶಕ್ತಿಯೆಲ್ಲ ಹೆಚ್ಚಾಗಿ 1 ಕಿಲೋಹರ್ಟ್ಸ್‌ಗಿಂತ ಕೆಳಗೆ, ಮೀನಿನ ಕೂಗೂ ಅಲ್ಲೇ, ಬೋಟಿನ ಇಂಜಿನೂ ಅಲ್ಲೇ. ತಾಂಡೇಲರ ಮಾತನ್ನು ಪರೀಕ್ಷಿಸಬೇಕಾದರೆ ಈ ಮೂರನ್ನೂ ಬಿಡಿಸಿ ನೋಡಬೇಕು. ಮೀನು ಹೋದದ್ದು ಪೆಟ್ಟಿನಿಂದಲೋ, ಡ್ರೆಜ್ಜಿಂಗ್ ಕೆಸರಿನಿಂದಲೋ, ಬೋಟುಗಳಿಂದಲೋ? ಕೆಲಸ ಶುರುವಾಗುವ ಮೊದಲಿನ ರೆಕಾರ್ಡಿಂಗ್ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರ ಯಾವತ್ತೂ ಸಿಗುವುದಿಲ್ಲ.

ಇನ್ನೊಂದು ಕಾಗದ ಬೇಕು, ಅದು ಹ್ಯಾಮರ್ ಲಾಗ್. ಯಾವ ಹೊತ್ತಿಗೆ ಎಷ್ಟು ಪೆಟ್ಟು, ಯಾವ ಶಕ್ತಿಯಲ್ಲಿ, ಪೈಲು ಎಷ್ಟು ಇಳಿಯಿತು. ಇದು ಸೈಟಿನಲ್ಲಿ ಹೇಗೂ ಇರುತ್ತದೆ. ಒಂದು ಸೈಟಿನಲ್ಲಿ, ಎಲ್ಲಿ ಅಂತ ಬೇಡ, ಅದನ್ನು ಕೇಳಿದ್ದಕ್ಕೆ "ನಾಳೆ ಕೊಡ್ತೇವೆ" ಅಂತ ಹೇಳುತ್ತಲೇ ಕೆಲಸ ಮುಗಿಸಿದರು. ಲಾಗ್ ಇಲ್ಲದ ಸದ್ದಿನ ಗ್ರಾಫ್‌ನಿಂದ ಪೆಟ್ಟು ಎಣಿಸಬಹುದು, ಆದರೆ ಯಾವ ಪೆಟ್ಟು ಯಾಕೆ ಜೋರಾಯಿತು ಅಂತ ಹೇಳಲಾಗದು.

ದೂರದ ಲೆಕ್ಕದಲ್ಲಿ ನಮ್ಮ ಕರಾವಳಿಗೆ ಒಂದು ಅನುಕೂಲ ಇದೆ, ಅದು ಆಳ ಕಡಿಮೆ ಇರುವುದು. ಆಳವಿಲ್ಲದ ನೀರಿನಲ್ಲಿ ಕಡಿಮೆ ಹರ್ಟ್ಸ್‌ನ ದಪ್ಪ ಸದ್ದು ದೂರ ಹೋಗುವುದಿಲ್ಲ. ಮರಳು ತಳ, 5 ಮೀಟರ್ ನೀರು ಅಂದರೆ ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನದ್ದು ಬೇಗ ತಳಕ್ಕೆ ಸೋರಿಹೋಗುತ್ತದೆ. 20 ಮೀಟರ್ ನೀರಿದ್ದರೆ ಆ ಗಡಿ 40ರ ಹತ್ತಿರ. ತಳ ಮೆತ್ತಗಿನ ಕೆಸರಾದರೆ ಗಡಿ ಇನ್ನೂ ಮೇಲೆ. ಹಾಗಾಗಿ ನದಿಯೊಳಗಿನ ಸೇತುವೆಗೂ ಹೊರಗಿನ ಆಳದ ಬಂದರಿಗೂ ಒಂದೇ ವರದಿಯನ್ನು ನಕಲು ಹೊಡೆಯುವಂತಿಲ್ಲ.

ಸದ್ದು ತಗ್ಗಿಸುವ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ತೋರಿಸುವುದು ಗುಳ್ಳೆಯ ಪರದೆ. ಪೈಲಿನ ಸುತ್ತ ತಳದಲ್ಲಿ ತೂತು ಕೊರೆದ ಪೈಪು ಹಾಸಿ ಕಂಪ್ರೆಸರ್‌ನಿಂದ ಗಾಳಿ ಬಿಡುವುದು. ನೀರಿಗೆ ನೂರಕ್ಕೆ ಒಂದು ಪಾಲು ಗಾಳಿ ಸೇರಿದರೂ ಅದರಲ್ಲಿ ಸದ್ದಿನ ವೇಗ ಸೆಕೆಂಡಿಗೆ 100–120 ಮೀಟರ್‌ಗೆ ಕುಸಿಯುತ್ತದೆ, ಬರೀ ಗಾಳಿಗಿಂತಲೂ ಕಡಿಮೆ! ಸದ್ದು ಅಲ್ಲಿ ಬಡಿದು ವಾಪಸ್ ಹೋಗುತ್ತದೆ, ಉಳಿದದ್ದರಲ್ಲಿ ಒಂದಿಷ್ಟನ್ನು ಗುಳ್ಳೆಗಳೇ ನುಂಗುತ್ತವೆ. ಚೆನ್ನಾಗಿ ಹಾಸಿದ ಒಂದು ಪರದೆಯಿಂದ 10–15 ಡೆಸಿಬೆಲ್ ಸಿಗುತ್ತದೆ. ಇದು ಸಣ್ಣದಲ್ಲ. ದೂರ ಇಮ್ಮಡಿಯಾದಾಗ ಸದ್ದು 4.5 ಡೆಸಿಬೆಲ್ ಇಳಿಯುತ್ತದೆ ಅಂತ ಇಟ್ಟುಕೊಂಡರೆ, 12 ಡೆಸಿಬೆಲ್ ಉಳಿಸಿದಾಗ ತೊಂದರೆಯ ವೃತ್ತದ ತ್ರಿಜ್ಯ ಆರನೇ ಒಂದು ಆಗುತ್ತದೆ, ವಿಸ್ತೀರ್ಣ ನಲವತ್ತನೇ ಒಂದು.

ಆದರೆ ಕಾಳಿ ಮುಖದಲ್ಲಿ ಇದು ಕೈಕೊಡಬಹುದು. ಗುಳ್ಳೆ ಮೇಲೇರುವ ವೇಗ ಸೆಕೆಂಡಿಗೆ ಸುಮಾರು 0.3 ಮೀಟರ್. 10 ಮೀಟರ್ ಏರಲು ಅರ್ಧ ನಿಮಿಷಕ್ಕೂ ಜಾಸ್ತಿ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಹರಿಯುವ ನೀರು ಅದನ್ನು 15 ಮೀಟರ್ ಆಚೆ ಒಯ್ದಿರುತ್ತದೆ. ಹರಿವಿನ ಎದುರು ಬದಿಯಲ್ಲಿ ಪರದೆ ಪೈಲಿನ ಮೇಲೇ ವಾಲುತ್ತದೆ, ಇನ್ನೊಂದು ಬದಿಯಲ್ಲಿ ದೂರಕ್ಕೆ ಚೆದುರುತ್ತದೆ. ಪೈಪು ತಳಕ್ಕೆ ಸರಿಯಾಗಿ ಕೂರದೆ ಒಂದು ಅಡಿ ಸಂದು ಬಿಟ್ಟರೂ ಅಲ್ಲಿಂದ ಸದ್ದು ಹೊರಬೀಳುತ್ತದೆ. ನಮ್ಮಂಥ ಕಡೆ ಪೈಲಿನ ಸುತ್ತ ಇನ್ನೊಂದು ದೊಡ್ಡ ಕೊಳವೆ ಇಳಿಸಿ ಅದರೊಳಗೆ ಗುಳ್ಳೆ ಬಿಡುವುದು ವಾಸಿ. ಆ ಕೊಳವೆಯ ನೀರನ್ನೇ ಪಂಪ್ ಮಾಡಿ ತೆಗೆದುಬಿಟ್ಟರೆ ಇನ್ನೂ ಒಳ್ಳೆಯದು. ಕಂಪ್ರೆಸರ್ ಎಣ್ಣೆ ಉಗುಳದ ನಮೂನೆಯದ್ದೇ ಆಗಬೇಕು, ಇಲ್ಲದಿದ್ದರೆ ಸದ್ದು ಕಳೆದು ಎಣ್ಣೆ ಕೊಟ್ಟ ಹಾಗಾಗುತ್ತದೆ.

ಪರದೆಗೆ ಇನ್ನೊಂದು ಮಿತಿ ಇದೆ, ಅದು ಪೆಟ್ಟಿನ ಸ್ವಭಾವದಲ್ಲೇ ಇರುವುದು. ಹ್ಯಾಮರ್ ಬಿದ್ದಾಗ ಪೈಲಿನ ಉಕ್ಕು ಒಂದಿಷ್ಟು ಉಬ್ಬುತ್ತದೆ. ಆ ಉಬ್ಬು ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಲ್ಲಿ ಕೆಳಕ್ಕೆ ಓಡುತ್ತದೆ, ನೀರಿನ ಸದ್ದಿಗಿಂತ ಮೂರು ಪಟ್ಟು. ಹಾಗಾಗಿ ಸದ್ದು ಶಂಕುವಿನ ಆಕಾರದಲ್ಲಿ, ಸುಮಾರು 17 ಡಿಗ್ರಿ ಓರೆಯಾಗಿ, ತಳದ ಕಡೆಗೆ ಹೊರಡುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದನ್ನು ಅಳೆದು 2011ರಲ್ಲಿ ಪ್ರಕಟಿಸಿದರು. ಒಂದು ಪಾಲು ಮಣ್ಣಿನೊಳಗೆ ಹೋಗಿ ಪರದೆಯ ಆಚೆ ಮತ್ತೆ ಮೇಲೇಳುತ್ತದೆ. ಅದನ್ನು ತಡೆಯಲು ಇನ್ನೂ ದೂರದಲ್ಲಿ ಎರಡನೇ ಪರದೆ ಬೇಕು. ಖರ್ಚೂ ಎರಡು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಹೆಚ್ಚು ಡೆಸಿಬೆಲ್ ಉಳಿಯುವುದು ಸಮುದ್ರದಲ್ಲಲ್ಲ, ಡ್ರಾಯಿಂಗ್ ಮೇಜಿನಲ್ಲಿ. ನಮ್ಮಲ್ಲಿ ಸೇತುವೆಗೆ ಹೆಚ್ಚಾಗಿ ಕೊರೆಯುವ ಪೈಲು ಹಾಕುತ್ತಾರೆ. ಉಕ್ಕಿನ ಲೈನರ್ ಇಳಿಸಿ, ಒಳಗೆ ಕೊರೆದು, ಕಬ್ಬಿಣದ ಪಂಜರ ಇಟ್ಟು ಕಾಂಕ್ರೀಟ್ ತುಂಬುವುದು. ಇದರಲ್ಲಿ ಸಾವಿರಾರು ಪೆಟ್ಟಿನ ಮಾತೇ ಇಲ್ಲ. ಸದ್ದು ಇರುವುದು ಎರಡು ಕಡೆ. ಒಂದು, ಲೈನರ್ ಇಳಿಸುವಾಗ. ಹೊಡೆಯದೆ ನಡುಗಿಸಿ ಇಳಿಸುವ ವೈಬ್ರೋ ಹ್ಯಾಮರ್ ಬಳಸಿದರೆ ಪೀಕ್ ತುಂಬ ಕಡಿಮೆ, ಆದರೆ ಗುರ್ ಅಂತ ಬಿಡದೆ ಇರುತ್ತದೆ, ಅದಕ್ಕೆ ಬೇರೆ ಮಿತಿ ನೋಡಬೇಕು. ಇನ್ನೊಂದು, ಬಂಡೆ ಸಿಕ್ಕಾಗ. ಟ್ರೈಪಾಡ್, ವಿಂಚ್ ಕಟ್ಟಿ ಭಾರದ ಚಿಸಲ್ ಎತ್ತಿ ಎತ್ತಿ ಕುಕ್ಕುವ ಹಳೇ ಪದ್ಧತಿ ಇನ್ನೂ ಇದೆ, ದಿನಗಟ್ಟಲೆ ನಡೆಯುತ್ತದೆ. ಅದೇ ಜಾಗದಲ್ಲಿ ತಿರುಗಿಸಿ ಕೊರೆಯುವ ರೋಟರಿ ರಿಗ್ ತಂದರೆ ಬಡಿತವೇ ತಪ್ಪುತ್ತದೆ. ಬಾಡಿಗೆ ಜಾಸ್ತಿ, ನಿಜ. ಆದರೆ ಕೆಲಸವೂ ಬೇಗ ಮುಗಿಯುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದ ಮೇಲೆ ಅಲ್ಲಿ ಹೊಸ ಕಂಬ ಹಾಕುವವರು ಯಾರೇ ಆಗಲಿ, ಟೆಂಡರಿನಲ್ಲಿ ರೋಟರಿ ರಿಗ್ ಬಗ್ಗೆ ಒಂದು ಸಾಲು ಇರಲಿ ಅಂತ ನನ್ನ ಆಸೆ.

ಸಾಫ್ಟ್ ಸ್ಟಾರ್ಟ್ ಅನ್ನುವ ಉಪಾಯದ ಬಗ್ಗೆ ನನಗೆ ಅಂಥ ನಂಬಿಕೆ ಇಲ್ಲ. ಮೊದಲು ಮೆಲ್ಲಗೆ ಹೊಡೆದು ಪ್ರಾಣಿಗಳು ದೂರ ಹೋಗಲು ಸಮಯ ಕೊಡುವುದು. ಡಾಲ್ಫಿನ್ ಹೋಗಬಹುದು. ಮೀನು ಹೋಗುತ್ತದೆ ಅಂತ ಯಾರು ಹೇಳಿದರು? ಅದೂ ಅಳಿವೆಯ ಬಾಯಲ್ಲೇ ಪೈಲು ಹೊಡೆಯುತ್ತಿದ್ದರೆ, ನದಿಯೊಳಗಿನ ಮೀನಿಗೆ ಹೊರಗೆ ಬರುವ ದಾರಿಯೇ ಆ ಪೈಲಿನ ಪಕ್ಕದಿಂದ. ಇದಕ್ಕಿಂತ ಹೊತ್ತು ನೋಡಿ ಹೊಡೆಯುವುದು ಅಗ್ಗ ಮತ್ತು ಒಳ್ಳೆಯದು. ಮೀನು ಕೂಗುವ ಸಂಜೆ ಹೊತ್ತು ಬಿಡಿ. ಡಾಲ್ಫಿನ್ ಕಂಡರೆ ನಿಲ್ಲಿಸಿ, ನೋಡಲಿಕ್ಕೆ ಪಾತಿ ದೋಣಿಯವರನ್ನೇ ಸಂಬಳ ಕೊಟ್ಟು ಇಟ್ಟುಕೊಳ್ಳಿ, ಅವರ ಕಣ್ಣು ಬೈನಾಕ್ಯುಲರ್‌ಗಿಂತ ಮುಂದೆ. ಮೀನು ಮರಿ ಮಾಡುವ ಕಾಲ ಅಂತ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಕೊಡುತ್ತೇವೆ, ಅಲ್ವಾ? ಹ್ಯಾಮರ್‌ಗೂ ಒಂದು ಕ್ಯಾಲೆಂಡರ್ ಇರಲಿ.

ಸಾರ್ವಜನಿಕ ಅಹವಾಲು ಸಭೆಗೆ ಹೋಗುವವರು "ಸದ್ದು ಬೇಡ" ಅಂತ ಕೂಗುವ ಬದಲು ಕೇಳಬಹುದಾದ್ದು ಇವು: ಪೈಲು ಕೊರೆಯುವುದೋ ಹೊಡೆಯುವುದೋ? 750 ಮೀಟರ್‌ನಲ್ಲಿ ಎಷ್ಟು ಮೀರಬಾರದು ಅಂತ ಬರೆದುಕೊಡುತ್ತೀರಿ? ಮೀರಿದರೆ ಕೆಲಸ ನಿಲ್ಲಿಸುವವರು ಯಾರು? ಹ್ಯಾಮರ್ ಲಾಗ್ ಯಾರ ಕೈಗೆ ಸಿಗುತ್ತದೆ? ಮೊದಲಿನ ರೆಕಾರ್ಡಿಂಗ್ ಎಲ್ಲಿ?

ಕೊನೆಯ ಪ್ರಶ್ನೆಗೆ ಕಂಪನಿಯ ದಾರಿ ಕಾಯಬೇಕಾಗಿಲ್ಲ. ಹೈಡ್ರೋಮಾತ್ ಥರದ ಅಗ್ಗದ ರೆಕಾರ್ಡರ್‌ಗಳು ಈಗ ಸಿಗುತ್ತವೆ, ಕೋಡಿಬಾಗದ ಸಾಗರ ಜೀವಶಾಸ್ತ್ರ ವಿಭಾಗದ ಹುಡುಗರು ಮನಸ್ಸು ಮಾಡಿದರೆ ಒಂದು ಮಳೆಗಾಲದ ಹಿಂದೆ, ಮುಂದೆ ಕೆಲವು ವಾರ ತಳದಲ್ಲಿ ಇಟ್ಟು ತೆಗೆಯಬಹುದು. ಕ್ಯಾಲಿಬ್ರೇಷನ್ ಇಲ್ಲದ್ದರಿಂದ ಅದರ ಡೆಸಿಬೆಲ್ ನಂಬುವಂತಿಲ್ಲ, ಪೈಲಿನ ಹತ್ತಿರ ಇಟ್ಟರೆ ಪೆಟ್ಟಿನ ತುದಿಯೂ ಕತ್ತರಿಸಿಹೋಗುತ್ತದೆ. ಅಲ್ಲಿಗೆ ಸರಿಯಾದ ಹೈಡ್ರೊಫೋನೇ ಬೇಕು. ಆದರೆ ಮೀನಿನ ಕೂಗು ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾವ ಕಲ್ಲಿನ ಹತ್ತಿರ ಅನ್ನುವುದಕ್ಕೆ ಅದು ಧಾರಾಳ ಸಾಕು. ಇಡುವಾಗ ಟ್ರಾಲ್ ಬಲೆ ಹೋಗುವ ದಾರಿ ಯಾವುದು ಅಂತ ತಾಂಡೇಲರನ್ನು ಒಮ್ಮೆ ಕೇಳಿ, ಇಲ್ಲವಾದರೆ ರೆಕಾರ್ಡರ್ ಮೀನಿನ ಜೊತೆ ಮಾರ್ಕೆಟ್‌ಗೆ ಬರುತ್ತದೆ.